ನೆಲಪಾಠಕ್ಕೆ ಚಕ್ಕರ್ ಹೊಡೆದವನ ಅಹವಾಲು

ಲಾಯದ ಮೂರನೇ ಕೋಣೆಯಲ್ಲಿ ನಿಂತೇ ನಿದ್ರಿಸುವ ಕಂದು ಕುದುರೆಯವರ ಗೊರಸುಗಳ ಸನ್ನಿಧಿಗೆ, ಕಾರು ಓಡಿಸಲು ಕಲಿಸುವ ಮೇಷ್ಟ್ರೊಬ್ಬನ ಬಾಗಿದ ನಮಸ್ಕಾರಗಳು. ಬಾಗಿರುವುದು ವಿನಯದಿಂದಲ್ಲ, ಸೊಂಟನೋವಿನಿಂದ.

ಮಾನ್ಯರೇ,

ಯಾರನ್ನೂ ಹೊತ್ತು ಗೊತ್ತಿರದ ನಾಲ್ಕು ವರ್ಷದ ತಾವೂ, ಏನನ್ನೂ ಏರಿ ಗೊತ್ತಿರದ ಐವತ್ತೊಂದರ ನಾನೂ ಜೊತೆಯಾದದ್ದು ನನ್ನ ಹಟದಿಂದಲೇ. ಪಳಗಿದ ಮುದಿ ಕುದುರೆಯನ್ನು ತೋರಿಸಿದ ಲಾಯದ ಮೇಡಂಗೆ, ತಮ್ಮ ಬಣ್ಣ ನನ್ನ ಬೂಟಿಗೆ ಒಪ್ಪುತ್ತದೆಂದು ವಾದಿಸಿದವನು ನಾನು. ಅವರು ನಿಟ್ಟುಸಿರಿಟ್ಟು, ನಮ್ಮಿಬ್ಬರನ್ನೂ ಒಂದೇ ಹಗ್ಗದ ಎರಡು ತುದಿಗೆ ಸೇರಿಸಿ, ಆರು ವಾರ ನೆಲಪಾಠವೆಂದರು: ಬೆನ್ನೇರುವ ಮಾತೇ ಇಲ್ಲ, ಪಕ್ಕದಲ್ಲಿ ನಡೆಯುವುದು, ನಿಲ್ಲುವುದು, ಹಿಂದೆ ಸರಿಯುವುದು, ಸದ್ದಿಗೆ ಬೆದರದಿರುವುದು.

ಎಂಜಿನ್ ಆರಿಸಿದ ಕಾರಿನಲ್ಲಿ ಶಿಷ್ಯರನ್ನು ಮೂರು ದಿನ ಕೂರಿಸಿ ಬರೀ ಕನ್ನಡಿ ನೋಡಿಸುವ ನನಗೆ ಇದು ಅರ್ಥವಾಗಬೇಕಿತ್ತು. ಆದರೆ ಅಷ್ಟರಲ್ಲಿ ಭಾವಮೈದನಿಗೆ ಫೋನು ಮಾಡಿ, ಭಾನುವಾರ ಬಾ, ಕುದುರೆಯ ಮೇಲೆ ನನ್ನನ್ನು ನೋಡುವಿಯಂತೆ ಎಂದು ಕೊಚ್ಚಿಕೊಂಡಾಗಿತ್ತು. ಒಂಬತ್ತನೆಯ ದಿನ, ಭಾವಮೈದ ಬಂದು ನಿಂತಿದ್ದ ಆ ಭಾನುವಾರ, ಮೇಡಂ ಅತ್ತ ತಿರುಗಿದ್ದೇ ತಡ, ನಾನು ಬೇಲಿ ಹತ್ತಿ ತಮ್ಮ ಬೆನ್ನಿಗೆ ದಾಟಿದೆ. ಖಾಲಿ ಪ್ಲಾಸ್ಟಿಕ್ ಚೀಲವೊಂದು ಪಟಪಟನೆ ಹಾರಿತು. ತಾವು ಹೊರಟಿರಿ, ನಾನು ಅಲ್ಲೇ ಗಾಳಿಯಲ್ಲಿ ಉಳಿದೆ. ಆ ಕ್ಷಣ ಫೋಟೋ ತೆಗೆದ ಭಾವಮೈದ ಕೇಳಿದ್ದು ಇಷ್ಟೇ: “ಎಲ್ಲಾ ಸರಿ ಭಾವ, ಇದ್ರಲ್ಲಿ ಕುದುರೆ ಎಲ್ಲಿ?”

ನೆಲಪಾಠ ತಪ್ಪಿಸಿದವನು ಹೀಗೆ ನೆಲ ಕಚ್ಚಿದ. “ಕುದುರೆಗೆ ಕಡಿವಾಣ ಆಮೇಲೆ ನೋಡೋಣ, ಮೊದಲು ನಿಮ್ಮ ಬಾಯಿಗೆ ಒಂದು ಹಾಕ್ಕೊಳ್ಳಿ,” ಎಂದರು ಮೇಡಂ. “ಮತ್ತೆ ಒಂದನೇ ದಿನದಿಂದ ಶುರು. ಇನ್ನೊಂದ್ಸಲ ಹೇಳ್ದೆ ಹತ್ತಿದ್ರೆ ಈ ಗೇಟಿನ ಕಡೆ ತಲೆ ಹಾಕ್ಬೇಡಿ.”

ಆಮೇಲಿನ ಆರು ವಾರ ತಾವು ತೋರಿದ ಸಹನೆಯನ್ನು ಎಷ್ಟು ಹೊಗಳಿದರೂ ಸಾಲದು. ನಾನು ಎಡವೆಂದು ಬಲಕ್ಕೆ ಎಳೆದಾಗಲೂ ತಾವು ಸರಿಯಾದುದನ್ನೇ ಊಹಿಸಿದಿರಿ; ಬರುಬರುತ್ತಾ ಹಗ್ಗ ಸಡಿಲವಾಯಿತು, ನಾನು ನಿಂತರೆ ತಾವು ನಿಂತಿರಿ, ನಾನು ಉಸಿರುಬಿಟ್ಟರೆ ತಾವೂ ಉಸಿರುಬಿಟ್ಟಿರಿ. ಇಂದು ಅಂಥದ್ದೇ ಚೀಲ ಹಾರಿದಾಗ ತಾವು ಕಿವಿಯನ್ನಷ್ಟೇ ಹೊರಳಿಸಿ ನನ್ನ ಪಕ್ಕದಲ್ಲೇ ನಿಂತದ್ದನ್ನು ಕಂಡು ಮೇಡಂ, “ಕುದುರೆ ತಯಾರು. ನಾಳೆ ಹತ್ತಿ,” ಎಂದುಬಿಟ್ಟರು.

ನನ್ನ ದೂರು ಇರುವುದೇ ಇಲ್ಲಿ. ಇಷ್ಟು ಬೇಗ ತಯಾರಾಗುವ ಅವಸರವಾದರೂ ತಮಗೇನಿತ್ತು? ಸುದ್ದಿ ತಿಳಿದ ಭಾವಮೈದ ನೋಡಲೆಂದು ಆಗಲೇ ರೈಲು ಹತ್ತಿದ್ದಾನೆ. ಆದ್ದರಿಂದ ನಾಳೆ ಮೇಡಂ ಎದುರು ಒಮ್ಮೆ ಸುಮ್ಮನೆ ಬೆದರಿ, ನೆಲಪಾಠ ಇನ್ನೊಂದು ವಾರ ಮುಂದುವರಿಯುವಂತೆ ಮಾಡಬೇಕೆಂದೂ, ಅದು ಆಗದಿದ್ದರೆ ಒಂದು ಮೊಳವಾದರೂ ಗಿಡ್ಡರಾಗಬೇಕೆಂದೂ ಕೋರುತ್ತೇನೆ.

ಇತಿ, ಸದ್ಯಕ್ಕೆ ನೆಲದ ಮೇಲೆಯೇ ಇರುವ,
ತಮ್ಮ ವಿಶ್ವಾಸಿ

ತಾ.ಕ.: ಇಂದು ಚೀಲ ಹಾರಿದಾಗ ಬೆಚ್ಚಿಬಿದ್ದು ತಮ್ಮ ಕುತ್ತಿಗೆಯನ್ನು ತಬ್ಬಿಕೊಂಡವನು ನಾನು. ಮೇಡಂ ಅದನ್ನು ಪ್ರೀತಿಯೆಂದು ತಿಳಿದಿದ್ದಾರೆ. ತಾವು ಬಾಯಿ ಬಿಡಬಾರದು; ಬಿಟ್ಟೀರಿ ಜೋಕೆ, ಕಡಿವಾಣ ಬಂದಾಗಿದೆ.