ಹೆಡ್ ಕ್ಲರ್ಕರ ವಂದನಾರ್ಪಣೆ

ನಮ್ಮ ಬಡಾವಣೆ ಸಂಘದ ಒಂದು ಸಮಾರಂಭವಾದರೂ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಹಾಗೆ ಮುಗಿದದ್ದು ನನಗೆ ನೆನಪಿಲ್ಲ. ಐವತ್ತರ ದಶಕದ ಕೊನೆ ಅದು. ಜಯನಗರ ಅರ್ಧ ನಕ್ಷೆಯಲ್ಲಿತ್ತು, ಅರ್ಧ ರಾಗಿ ಹೊಲದಲ್ಲಿತ್ತು. ಸೈಟಿಗೆ ನೆಟ್ಟ ಕಲ್ಲುಗಳು, ಮನೆಗಳಿಲ್ಲದ ಅಗಲ ರಸ್ತೆಗಳು, ಸಂಜೆಯಾದರೆ ನೆಲದಿಂದೇಳುವ ತೆಳ್ಳನೆ ಮಂಜು. ಈಗ ನೆನೆದರೆ ಅಲ್ಲಿ ನಡೆದದ್ದೆಲ್ಲ ಅರೆನಿದ್ದೆಯಲ್ಲಿ ಕಂಡ ಹಾಗಿದೆ.

ನಾನು ಸಂಘದ ಕಾರ್ಯದರ್ಶಿ. ಅಂದರೆ ಆಫೀಸಿನಿಂದ ಬಂದು ಕುರ್ಚಿ ಹೊರುವವನು. ಉಪಾಧ್ಯಕ್ಷರು ನಮ್ಮ ಎದುರು ಮನೆಯವರು, ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಬಿಳಿ ದೊರೆಯ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಕ್ಲಬ್ಬಿನ ಡಿನ್ನರಿಗೆ, ಹೂವಿನ ಪ್ರದರ್ಶನಕ್ಕೆ, ಬ್ಯಾಂಡಿನ ಸಂಜೆಗೆ ದೊರೆಗಳು ಓದುತ್ತಿದ್ದ ವೋಟ್ ಆಫ್ ಥ್ಯಾಂಕ್ಸನ್ನೆಲ್ಲ ಬರೆದುಕೊಟ್ಟವರು ಅವರೇ.

“ಮೂವತ್ತು ವರ್ಷ ಇನ್ನೊಬ್ಬರ ಬಾಯಿಗೆ ಬರ್ಕೊಟ್ಟಿದ್ದೀನಿ ಕಣಯ್ಯಾ,” ಅಂದರು ಒಂದು ದಿನ. “ಒಂದೇ ಒಂದ್ಸಲ ನನ್ನ ಬಾಯಿಂದ, ಮೊದಲಿಂದ ಕೊನೇವರೆಗೆ ಹೇಳ್ಬೇಕು. ಅಷ್ಟೇ ನನ್ನ ಆಸೆ.”

ಅಷ್ಟೇ ತಾನೆ ಅಂದುಕೊಂಡು ನಾನು ಒಪ್ಪಿದೆ.

ಪಾರ್ಕಿಲ್ಲದ ಗಾರ್ಡನ್ ಪಾರ್ಟಿ

ಮೊದಲ ಸಮಾರಂಭ ದೊರೆಗಳ ಕಾಲದ ಗಾರ್ಡನ್ ಪಾರ್ಟಿಯ ತರಹವೇ ಆಗಬೇಕು ಅಂತ ಹೆಡ್ ಕ್ಲರ್ಕರು ಪಟ್ಟು ಹಿಡಿದರು. ಗಾರ್ಡನ್ ಇರಲಿಲ್ಲ. ‘ಉದ್ಯಾನವನಕ್ಕೆ ಕಾದಿರಿಸಿದೆ’ ಎಂಬ ಬೋರ್ಡಿತ್ತು, ಅದರ ಕೆಳಗೆ ಮೇಜು ಹಾಕಿದೆವು. ಬಿಳಿ ಬಟ್ಟೆ, ಸಾಲಾಗಿ ಟೀ ಕಪ್-ಸಾಸರು, ಹೆಡ್ ಕ್ಲರ್ಕರ ಹೆಂಡತಿ ಮೂರು ದಿನ ಕೂತು ಕರಿದ ಚಕ್ಕುಲಿ. ಪಶ್ಚಿಮದ ಬಿಸಿಲು ಕಪ್‌ಗಳ ಅಂಚಿನಲ್ಲಿ ಹೊಳೆಯುತ್ತಿತ್ತು. ನನಗೆ ನಿಜಕ್ಕೂ ಯಾವುದೋ ಬೇರೆ ಊರಿಗೆ ಬಂದ ಹಾಗಾಯಿತು.

ಹೆಡ್ ಕ್ಲರ್ಕರು ಕೋಟು ಸರಿಮಾಡಿಕೊಂಡು, ಮಡಿಸಿದ ಕಾಗದ ಬಿಚ್ಚಿ, “ಮಾನ್ಯರೇ” ಅಂದರು. ಅಷ್ಟರಲ್ಲಿ ಪಡುವಣದಲ್ಲಿ ಬಂಗಾರದ ಧೂಳೆದ್ದಿತು. ಧೂಳಿನೊಳಗಿಂದ ಗಂಟೆ ಸದ್ದು, ಹಿಂದೆಯೇ ಪಕ್ಕದ ಹಳ್ಳಿ ಯಡಿಯೂರಿನ ದನಗಳು. ಮೇಜುಗಳ ನಡುವೆ ಅವು ಅವಸರವಿಲ್ಲದೆ ನಡೆದು ಬಂದವು. ಜನ ಸೀರೆ ಪಂಚೆ ಎತ್ತಿಕಟ್ಟಿಕೊಂಡು ಚೆದುರಿದರು.

ನಾನು ದನ ಕಾಯುವ ಗೌಡರ ಮೇಲೆ ರೇಗಿದೆ. ಅವರು ತಣ್ಣಗೆ, “ಇದು ನಮ್ಮಜ್ಜನ ಕಾಲ್ದಿಂದ್ಲೂ ದನ ಬರೋ ದಾರಿ ಸಾಮಿ. ನೀವು ಕುರ್ಚಿ ಹಾಕಿದ್ದು ಇವತ್ತು,” ಅಂದರು.

ಅಷ್ಟರಲ್ಲಿ ಒಂದು ಕಂದು ಹಸು ಹೆಡ್ ಕ್ಲರ್ಕರ ಕೈಯಲ್ಲಿದ್ದ ಕಾಗದವನ್ನು ಮೆಲ್ಲಗೆ ಎಳೆದುಕೊಂಡು ಪೂರ್ತಿ ಅಗಿದುಬಿಟ್ಟಿತು. ಹೆಡ್ ಕ್ಲರ್ಕರ ಮುಖ ಬಿಳಚಿಕೊಂಡಿತು. ಗೌಡರಿಗೆ ಕನಿಕರ ಬಂತು.

“ಯೋಚ್ನೆ ಮಾಡ್ಬೇಡಿ ಬುದ್ಧಿ, ಇದರ ಹೊಟ್ಟೆ ಗಟ್ಟಿ. ಎಂಥದು ತಿಂದ್ರೂ ಅರಗಿಸ್ಕೊಳ್ತದೆ.”

ಪರದೆಯ ಎರಡು ಕಡೆ

ಮುಂದಿನ ವರ್ಷ ಸರ್ಕಾರದ ವ್ಯಾನು ತರಿಸಿ ಪುಕ್ಕಟೆ ಸಿನಿಮಾ ಇಟ್ಟೆವು. ಕಾಂಪೋಸ್ಟ್ ಗೊಬ್ಬರದ ಸಿನಿಮಾ, ಆದರೂ ಸಾರಕ್ಕಿ ಹಳ್ಳಿಯಿಂದಲೂ ಜನ ಬಂದರು. ಎರಡು ಗಳಕ್ಕೆ ಬಿಳಿ ಬಟ್ಟೆ ಕಟ್ಟಿದ್ದೆವು. ಮುಂದೆ ಜಾಗ ಸಾಲದೆ ಹಳ್ಳಿಯವರು ಪರದೆಯ ಹಿಂದೆ ಕೂತರು. ಗಾಳಿ ಬಂದಾಗಲೆಲ್ಲ ಬಟ್ಟೆ ಉಬ್ಬಿ, ಅದರೊಳಗಿನ ಹೊಲ, ಎತ್ತು, ಆಕಾಶ ಎಲ್ಲ ಉಸಿರಾಡುತ್ತಿದ್ದವು. ಗೊಬ್ಬರದ ಗುಂಡಿ ಅಷ್ಟು ಚೆಂದ ಕಂಡದ್ದು ಅದೊಂದೇ ಸಲ.

ಚಿತ್ರ ಮುಗಿಯಿತು. ಯಾರೂ ಏಳುವ ಮುಂಚೆ ಹೆಡ್ ಕ್ಲರ್ಕರು ಓಡಿ ಹೋಗಿ ಪರದೆಯ ಮುಂದೆ ನಿಂತರು. ವ್ಯಾನಿನ ದೀಪ ಇನ್ನೂ ಉರಿಯುತ್ತಿತ್ತು. ಅವರ ನೆರಳು ಪರದೆಯ ತುಂಬ ಎದ್ದು ನಿಂತು ಕೈ ಜೋಡಿಸಿತು. ಆದರೆ ವ್ಯಾನಿನವರು ಮೈಕು ಬಿಚ್ಚಿ ಒಳಗಿಟ್ಟಾಗಿತ್ತು. ಇಂಜಿನ್ ಸದ್ದಿನಲ್ಲಿ ಹೆಡ್ ಕ್ಲರ್ಕರ ಮಾತು ಒಂದೂ ಕೇಳಲಿಲ್ಲ. ಎರಡು ನಿಮಿಷಕ್ಕೆ, “ಬಲ್ಬು ಕಾಯ್ತದೆ ಸಾರ್” ಅಂತ ದೀಪವನ್ನೂ ಆರಿಸಿದರು.

ಮಾರನೆಯ ಬೆಳಿಗ್ಗೆ ಹಾಲು ಹಾಕುವಾಕೆ ಬಂದಾಗ ಸಿನಿಮಾ ಹೇಗಿತ್ತು ಅಂತ ಕೇಳಿದೆ. ಆಕೆ ಪರದೆಯ ಹಿಂದೆ ಕೂತವರಲ್ಲಿ ಒಬ್ಬಳು.

“ಚೆಂದಿತ್ತು ಸಾಮಿ. ಎಲ್ರೂ ಎಡಗೈನಲ್ಲೇ ಗುದ್ದಲಿ ಹಿಡೀತಿದ್ರು, ಅದ್ಯಾವ ಊರೋ. ಆದ್ರೆ ಕೊನೇಲಿ ಆ ಮುದುಕ ಬಂದು ಕೈಮುಗಿದು ಬೇಡ್ಕೊಂಡ ನೋಡಿ, ಕರುಳು ಕಿತ್ತು ಬಂತು. ಪಾಪ, ಅವನಿಗೆ ಗೊಬ್ಬರ ಕೊಟ್ರಾ ಇಲ್ವಾ ಅಂತ ತೋರಿಸ್ಲೇ ಇಲ್ಲ.”

ಕಳೆದುಹೋದ ಮುಖ್ಯ ಅತಿಥಿ

ನಮ್ಮ ರಸ್ತೆಗಳಿಗೆ ಹೆಸರಿರಲಿಲ್ಲ, ನಂಬರಿತ್ತು. ಯಾವ ಕ್ರಾಸು ನೋಡಿದರೂ ಒಂದೇ ತರಹ. ಸಂಗೀತೋತ್ಸವಕ್ಕೆ ಮಲ್ಲೇಶ್ವರದ ದೊಡ್ಡ ವಕೀಲರನ್ನು ಕರೆದಿದ್ದೆವು. ಐದಕ್ಕೆ ಬರಬೇಕಾದವರು ಆರೂವರೆಯಾದರೂ ಬರಲಿಲ್ಲ. ಸಭೆ ಆಕಳಿಸಿ ಆಕಳಿಸಿ ಮನೆಗೆ ಹೋಯಿತು.

ಹೆಡ್ ಕ್ಲರ್ಕರೂ ನಾನೂ ಸೈಕಲ್ ಹತ್ತಿ ಹುಡುಕಲು ಹೊರಟೆವು. ಪಕ್ಕದ ಬ್ಲಾಕಿನಲ್ಲಿ ಗೃಹಪ್ರವೇಶದ ಶಾಮಿಯಾನ. ವಕೀಲರು ಅದರೊಳಗೆ ಹಾರ ಹಾಕಿಸಿಕೊಂಡು, ಫೇಣಿ ತಿನ್ನುತ್ತ ಕೂತಿದ್ದರು. ಶಾಮಿಯಾನ ಕಂಡು ಇಳಿದಿದ್ದಾರೆ, ಆ ಮನೆಯವರು ಬೀಗರ ಕಡೆಯ ದೊಡ್ಡವರಿರಬೇಕು ಅಂತ ಮುಂದೆ ಕೂರಿಸಿದ್ದಾರೆ, ಅವರು ಎದ್ದು ನಿಂತು ಶಾಸ್ತ್ರೀಯ ಸಂಗೀತದ ಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದಾರೆ.

ಹೆಡ್ ಕ್ಲರ್ಕರು ದಾರಿಯುದ್ದಕ್ಕೂ ಸೈಕಲ್ ತಳ್ಳಿಕೊಂಡೇ ನಡೆದರು. ಮನೆ ಹತ್ತಿರ ಬಂದಾಗ ಸೈಕಲ್ಲನ್ನು ಗೋಡೆಗೆ ಒರಗಿಸಿ ಹೇಳಿದರು.

“ಅತಿಥಿ ಹೋಗ್ಲಿ ಬಿಡಯ್ಯಾ. ಆ ಮನೆ ಯಜಮಾನ ವಂದನಾರ್ಪಣೇನೂ ಮಾಡ್ಬಿಟ್ಟಿದ್ದಾನೆ.”

ಚಪ್ಪಲಿ

ನನಗೆ ನಿಜವಾಗಿ ಸಂಕಟವಾಗತೊಡಗಿತ್ತು. ವಂದನಾರ್ಪಣೆಯನ್ನು ಮೊದಲಿಗೇ ಇಟ್ಟುಬಿಡೋಣ ಅಂತ ಸೂಚಿಸಿದೆ. “ಏನೂ ಆಗದೆ ಯಾತಕ್ಕಯ್ಯಾ ಥ್ಯಾಂಕ್ಸ್?” ಅಂದುಬಿಟ್ಟರು. ಮುಂದಿನ ಯುಗಾದಿಗೆ ಸಂಘಕ್ಕೆ ಹೊಸ ಪದಾಧಿಕಾರಿಗಳು ಬರುವವರಿದ್ದರು. ಗಣೇಶನ ಹಬ್ಬದ ಹರಿಕಥೆಯೇ ಹೆಡ್ ಕ್ಲರ್ಕರಿಗೆ ಕೊನೆಯ ಅವಕಾಶ.

ಹರಿಕಥೆಯ ಕಷ್ಟ ಏನೆಂದರೆ, ದಾಸರು ಮಂಗಳ ಶುರು ಮಾಡಿದರೆ ಸಾಕು, ಜನ ಎದ್ದು ಚಪ್ಪಲಿ ಕಡೆ ನಡೆಯುತ್ತಾರೆ. ದೇವರ ಪೆಂಡಾಲು, ಆದ್ದರಿಂದ ಇಡೀ ಬಡಾವಣೆಯ ಚಪ್ಪಲಿ ಒಂದು ಮೂಲೆಯಲ್ಲಿ ರಾಶಿ. ದೀಪಕ್ಕೂ ಮೈಕಿಗೂ ಕರೆಂಟು ಎದುರಿಗೇ ಇದ್ದ ಹೆಡ್ ಕ್ಲರ್ಕರ ಮನೆಯ ಕಿಟಕಿಯಿಂದ ವೈರು ಎಳೆದದ್ದು.

ಮಂಗಳ ಮುಗಿಯಿತು. ಜನ ಕೋಸಂಬರಿ ದೊನ್ನೆ ಹಿಡಿದು ಚಪ್ಪಲಿ ರಾಶಿ ಮುಟ್ಟಿದರು. ಹೆಡ್ ಕ್ಲರ್ಕರು ಮೈಕಿನ ಮುಂದೆ “ಮಾನ್ಯರೇ” ಅಂದರು. ಪಟ್ಟನೆ ದೀಪ ಹೋಯಿತು.

ಮುಗೀತು ಅಂದುಕೊಂಡೆ. ಆದರೆ ಆ ಕಗ್ಗತ್ತಲಲ್ಲಿ ಒಬ್ಬರಿಗೂ ಚಪ್ಪಲಿ ಸಿಗಲಿಲ್ಲ. ಹೊರಗೆ ಬರೀ ಜಾಲಿ ಮುಳ್ಳು, ಬರಿಗಾಲಲ್ಲಿ ಹೋಗುವ ಹಾಗಿಲ್ಲ. ಎಲ್ಲರೂ ನಿಂತಲ್ಲೇ ಬಗ್ಗಿ ತಡಕತೊಡಗಿದರು. ಮೈಕಿಲ್ಲದ ಮೌನದಲ್ಲಿ, ಜೀರುಂಡೆ ಸದ್ದಿನ ಮೇಲೆ, ಹೆಡ್ ಕ್ಲರ್ಕರ ದನಿ ಸ್ಪಷ್ಟವಾಗಿ ಕೇಳಿತು. ಕಾಗದ ಕಾಣುತ್ತಿರಲಿಲ್ಲ, ಹಾಗಾಗಿ ನೆನಪಿನಿಂದಲೇ ಹೇಳಿದರು. ದಾಸರಿಗೆ, ಶಾಮಿಯಾನದವರಿಗೆ, ಯಡಿಯೂರಿನ ಗೌಡರಿಗೆ, ದೀಪ ಇರುವಷ್ಟು ಹೊತ್ತು ದೀಪ ಕೊಟ್ಟ ಇಲಾಖೆಗೆ. ಆಮೇಲೆ, “ಐದು ವರ್ಷ ಪ್ರತಿ ಸಮಾರಂಭಕ್ಕೂ ಚಕ್ಕುಲಿ, ಕೋಸಂಬರಿ ಮಾಡಿಕೊಟ್ಟ, ಇವತ್ತಿನವರೆಗೂ ನಾನು ಒಂದು ಮಾತೂ ಹೇಳದ, ನನ್ನ ಧರ್ಮಪತ್ನಿ ಕನಕಲಕ್ಷ್ಮಿಗೆ” ಅಂದರು. ಆ ಹೆಸರು ನಾವ್ಯಾರೂ ಕೇಳಿರಲಿಲ್ಲ. ಕತ್ತಲಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಅವರು ಅಲ್ಲಿಗೆ ನಿಲ್ಲಿಸದೆ ದೊರೆಯ ಕಚೇರಿಯ ಕಾಲದವರಿಂದ ಶುರು ಮಾಡಿ, ನಿಧಾನವಾಗಿ ಎಲ್ಲರನ್ನೂ ನೆನೆದು ಮುಗಿಸಿ “ನಮಸ್ಕಾರ” ಅಂದರು. ದೀಪ ಬಂತು.

ಅವರು ಕಂಡದ್ದು, ಇಡೀ ಬಡಾವಣೆ ತಲೆ ಬಗ್ಗಿಸಿ ನಿಂತದ್ದು. “ನೋಡಿದ್ಯೇನಯ್ಯಾ ಆ ಗೌರವಾನ,” ಅಂತ ನನ್ನ ಕೈ ಹಿಡಿದುಕೊಂಡರು. ನಾನು ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು, ಹೌದು ಅಂದೆ.

ಆಮೇಲೆ ವೈರು ಸುತ್ತಲು ಅವರ ಮನೆಗೆ ಹೋದೆ. ಅವರ ಹೆಂಡತಿ ಕಿಟಕಿ ಪಕ್ಕ, ಮೇನ್ ಸ್ವಿಚ್ಚಿನ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾನು ಸ್ವಿಚ್ಚು ನೋಡಿದೆ, ಅವರನ್ನು ನೋಡಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು.

“ಇವರಿಗೆ ಹೇಳ್ಬೇಡಪ್ಪ. ಜನ ನಿಲ್ಲಲಿ, ಹತ್ತು ನಿಮಿಷ ಸಾಕು ಅಂತ ಆರಿಸಿದ್ದೆ. ನನ್ನ ಹೆಸರು ಬಂತಲ್ಲ, ಹೋಗ್ಲಿ ಪಾಪ ಅಂತ ಇನ್ನೊಂದು ಕಾಲು ಗಂಟೆ ಬಿಟ್ಟೆ.”