ಅರವತ್ತು ರೂಪಾಯಿಯ ಗೋಡೆ

ಹನುಮಯ್ಯ ತೊಳೆದ ಗೋಡೆಯಲ್ಲಿ ತಪ್ಪು ಅಂತ ಇದ್ದದ್ದು ಒಂದೇ. ಪಾಚಿಯ ಜೊತೆಗೆ ಊಟದೆಲೆಯಷ್ಟು ಅಗಲಕ್ಕೆ ಸುಣ್ಣವೂ ಎದ್ದು ಬಂದಿತ್ತು.

ಗೌರಿ ಹಬ್ಬಕ್ಕೆ ಇನ್ನು ಹತ್ತು ದಿನ. ಎಂಬತ್ತನಾಲ್ಕರ ಆ ಮಳೆಗೆ ಹನುಮಂತನಗರದ ಕಾಂಪೌಂಡು ಗೋಡೆಗಳೆಲ್ಲ ಹಸಿರು ಕಂಬಳಿ ಹೊದ್ದುಕೊಂಡಂತೆ ನಿಂತಿದ್ದವು. ರಿಟೈರ್ಡ್ ಹೆಡ್ ಕ್ಲರ್ಕ್ ಶಾಮಣ್ಣನವರು ತಮ್ಮ ಮನೆಯ ಗೋಡೆ, ಮೆಟ್ಟಿಲು ತೊಳೆಯುವುದಕ್ಕೆ ಹನುಮಯ್ಯನನ್ನು ಅರವತ್ತು ರೂಪಾಯಿಗೆ ಗೊತ್ತುಮಾಡಿದ್ದರು. ನೀರು, ಕರೆಂಟು ಮನೆಯವರದು. ಪಂಪು, ಪೈಪು, ಮೈಕೈ ನೋವು ಹನುಮಯ್ಯನದು.

ಹನುಮಯ್ಯ ಶ್ರೀನಗರದವನು. ಹದಿನೈದು ವರ್ಷ ಕಾರು ತೊಳೆಯುವ ಸರ್ವೀಸ್ ಸ್ಟೇಷನ್ನಿನಲ್ಲಿದ್ದ. ಅದು ಮುಚ್ಚಿಹೋದಾಗ ಅಲ್ಲಿಯ ಪ್ರೆಷರ್ ಪಂಪನ್ನು ಗುಜರಿ ಅಂಗಡಿಯ ಪಿಳ್ಳಣ್ಣ ಕೊಂಡುಕೊಂಡ. ಪಂಪು ಹಿಡಿಯುವುದು ಬಿಟ್ಟು ಬೇರೇನೂ ಬಾರದ ಹನುಮಯ್ಯ ದಿನಕ್ಕೆ ಇಪ್ಪತ್ತು ರೂಪಾಯಿ ಬಾಡಿಗೆಗೆ ಅದನ್ನೇ ಪಡೆದು, ತಳ್ಳುಗಾಡಿಯ ಮೇಲಿಟ್ಟುಕೊಂಡು ಮನೆಮನೆಯ ಗೋಡೆ ತೊಳೆಯತೊಡಗಿದ. ಸಂಜೆ ಆರಕ್ಕೆ ಪಂಪೂ ಬಾಡಿಗೆಯೂ ಪಿಳ್ಳಣ್ಣನ ಅಂಗಡಿ ಸೇರಬೇಕು. ಒಂದು ದಿನ ಬಾಡಿಗೆ ತಪ್ಪಿದರೂ ಮಾರನೆಯ ದಿನದಿಂದ ಪಂಪು ಬೇರೆಯವನಿಗೆ ಎಂದು ಪಿಳ್ಳಣ್ಣ ಹೇಳಿಟ್ಟಿದ್ದ.

ತೊಳೆಯುವುದರಲ್ಲಿ ಹನುಮಯ್ಯನದು ಎತ್ತಿದ ಕೈ. ದುಡ್ಡು ಕೇಳುವ ಹೊತ್ತಿಗೆ ಮಾತ್ರ ಆ ಕೈ ತಾನಾಗಿ ತಲೆ ಕೆರೆದುಕೊಳ್ಳುತ್ತಿತ್ತು. ಜಯನಗರದ ಡಾಕ್ಟರೊಬ್ಬರು ಅರ್ಧ ದುಡ್ಡು ಕೊಟ್ಟು, ಉಳಿದರ್ಧಕ್ಕೆ ಎರಡು ಬಾಟಲಿ ಟಾನಿಕ್ ಕೊಟ್ಟು ಕಳಿಸಿದ್ದರು. ಬನಶಂಕರಿಯ ಯಜಮಾನರೊಬ್ಬರು ಗೋಡೆ ಒಣಗಿದ ಮೇಲೆ ನೋಡಿ ಕೊಡುತ್ತೇನೆ ಅಂದಿದ್ದರು. ಮೂರು ವಾರವಾದರೂ ಅವರ ಗೋಡೆ ಒಣಗಿರಲಿಲ್ಲ. ಎಲ್ಲದಕ್ಕೂ ಹನುಮಯ್ಯನ ಬಾಯಿಂದ ಬರುತ್ತಿದ್ದದ್ದು "ಆಯ್ತು ಸಾರ್" ಎಂಬ ಒಂದೇ ಮಾತು. ಟಾನಿಕ್ ಕುಡಿದುಕೊಂಡು ಸಂಸಾರ ಮಾಡುವುದಕ್ಕಾಗುವುದಿಲ್ಲ, ಇವತ್ತು ಪೂರ್ತಿ ದುಡ್ಡಿಲ್ಲದೆ ಮನೆಗೆ ಬರಬೇಡ ಎಂದು ಹೆಂಡತಿ ಯಲ್ಲಮ್ಮ ಆ ದಿನ ಬೆಳಿಗ್ಗೆ ಹೇಳಿಯೇ ಕಳಿಸಿದ್ದಳು.

ಏಳಕ್ಕೆ ಶುರುವಾದ ಕೆಲಸ ಹನ್ನೊಂದಕ್ಕೆ ಮುಗಿಯಿತು. ನಡುವೆ ಒಂಬತ್ತರ ಹೊತ್ತಿಗೆ ಶಾಮಣ್ಣನವರ ಹೆಂಡತಿ ಕಾತ್ಯಾಯಿನಿ ಸುಬ್ರಹ್ಮಣ್ಯಪುರದ ತಂಗಿಯ ಮನೆಗೆ ಹೊರಟವರು ಗೇಟಿನಲ್ಲಿ ನಿಂತು, ಅರ್ಧ ಬೆಳ್ಳಗಾಗಿದ್ದ ಗೋಡೆ ನೋಡಿ, ಕೆಲಸ ಪರವಾಗಿಲ್ಲ ಎಂದು ಹೇಳಿ ಹೋಗಿದ್ದರು. ಈಗ ಶಾಮಣ್ಣನವರೊಬ್ಬರೇ ಕನ್ನಡಕ ಏರಿಸಿಕೊಂಡು, ಫೈಲಿನಲ್ಲಿ ತಪ್ಪು ಹುಡುಕುವವರ ಹಾಗೆ ಗೋಡೆಯುದ್ದಕ್ಕೂ ನಡೆದು, ಸುಣ್ಣ ಎದ್ದ ಜಾಗದ ಮುಂದೆ ನಿಂತರು.

"ಏನಪ್ಪಾ ಇದು? ಪಾಚಿ ತೆಗಿ ಅಂದ್ರೆ ಸುಣ್ಣಾನೂ ತೆಗೆದಿದೀಯಲ್ಲ."

ಸುಣ್ಣ ಹಳೆಯದು, ಮೊದಲೇ ಸಡಿಲವಾಗಿತ್ತು ಎಂದು ಹನುಮಯ್ಯ ತನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ. ಶಾಮಣ್ಣನವರು ಸುಣ್ಣಕ್ಕೆ ಹದಿನೈದು, ಸಂಪಿನ ನೀರು ಖಾಲಿ ಮಾಡಿದ್ದಕ್ಕೆ ಐದು, ಕರೆಂಟಿಗೆ ಐದು ಎಂದು ಕಳೆಯುತ್ತ ಹೋಗಿ ಮೂವತ್ತೈದಕ್ಕೆ ಬಂದು ನಿಂತರು. ಅದನ್ನೂ ಸಂಜೆ ಬಂದು ತೆಗೆದುಕೊಂಡು ಹೋಗು ಎಂದರು. ನೀರು, ಕರೆಂಟು ನಿಮ್ಮದು ಅಂತ ಮಾತಾಗಿತ್ತಲ್ಲ ಸಾರ್ ಎಂಬುದು ಹನುಮಯ್ಯನ ಗಂಟಲವರೆಗೆ ಬಂದು ಹಾಗೇ ವಾಪಸ್ಸು ಇಳಿಯಿತು.

ಅವನು "ಆಯ್ತು" ಎನ್ನುವಷ್ಟರಲ್ಲಿ ಎದುರು ಮನೆಯ ಗೇಟು ಕಿರುಗುಟ್ಟಿತು. ನಾಗಲಕ್ಷ್ಮಮ್ಮ ಹೊರಗೆ ಬಂದರು. ಆ ಬೀದಿಯಲ್ಲಿ ಯಾರಾದರೂ ಸೈಕಲ್ಲಿನಿಂದ ಬಿದ್ದರೆ, ಬಿದ್ದವನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

"ಆಯ್ತು ಅನ್ಬೇಡ ಕಣಯ್ಯಾ. ಇಲ್ಲೇ ಗೇಟ್ ಮುಂದೆ ಕೂತ್ಕೊ. ದುಡ್ಡು ಬರೋವರ್ಗೂ ಏಳ್ಬೇಡ," ಎಂದರು.

ಯಾರು ಏನು ಹೇಳಿದರೂ ಕೇಳುವ ಹನುಮಯ್ಯ ಕೂತುಬಿಟ್ಟ. ನಾಗಲಕ್ಷ್ಮಮ್ಮ ಅಷ್ಟಕ್ಕೇ ಬಿಡಲಿಲ್ಲ. ಮೂರು ವರ್ಷದ ಹಿಂದೆ ಈ ಗೋಡೆಗೆ ಸುಣ್ಣ ಬಳಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಅದರಲ್ಲಿ ಸುಣ್ಣಕ್ಕಿಂತ ನೀರೇ ಹೆಚ್ಚಿತ್ತು, ಜೋರಾಗಿ ಕೆಮ್ಮಿದರೂ ಉದುರುತ್ತದೆ ಎಂದರು. ಶಾಮಣ್ಣನವರಿಗೆ ಮುಖಭಂಗವಾಯಿತು. ಹಾಗಾದರೆ ತೋರಿಸಲಿ ಅಂದರು. ತೋರಿಸು ಎಂದು ನಾಗಲಕ್ಷ್ಮಮ್ಮನೂ ಅಂದರು. ಹನುಮಯ್ಯ ಸಂಪಿನ ತಳದಲ್ಲಿ ಉಳಿದಿದ್ದ ನೀರಿಗೆ ಪೈಪು ಇಳಿಸಿ, ಪಂಪು ಹಾಕಿದ.

ಗಡಿಬಿಡಿಯಲ್ಲಿ ಪೈಪಿನ ಮೂತಿ ಸರಿಯಾಗಿ ಹಿಡಿದಿರಲಿಲ್ಲ. ಅದು ಹಗ್ಗ ಬಿಚ್ಚಿದ ಕರುವಿನ ಹಾಗೆ ಕೈಯಿಂದ ಜಿಗಿದು, ಒಂದು ಸುತ್ತು ತಿರುಗಿ, ಗೋಡೆಯಾಚೆಗೆ ನೀರು ಹಾರಿಸಿತು. ಆಚೆ, ರೇಷ್ಮೆ ಪಂಚೆಯುಟ್ಟು ಗುಡ್ಡದ ದೇವಸ್ಥಾನಕ್ಕೆ ಹೋಗಿ, ಕೈಯಲ್ಲಿ ಒಡೆದ ತೆಂಗಿನಕಾಯಿ ಹಿಡಿದು ತಿಮ್ಮರಾಯಪ್ಪ ಬರುತ್ತಿದ್ದರು.

ತಿಮ್ಮರಾಯಪ್ಪ ಸುತ್ತಲಿನ ಹಳೇ ಊರಿನವರು. ಹೊಲವೆಲ್ಲ ಸೈಟಾದ ಮೇಲೆ ಹತ್ತು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು, ಬೀದಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರೂ ಆಗಿದ್ದರು. ಹನುಮಯ್ಯ ಪಂಪು ಆರಿಸಿ ಓಡಿಹೋಗಿ ಅವರ ಕಾಲು ಹಿಡಿದ. ನೆತ್ತಿಯಿಂದ ನೀರು ಇಳಿಯುತ್ತಿದ್ದ ತಿಮ್ಮರಾಯಪ್ಪ ಕೇಳಿದ್ದು ಒಂದೇ: ಇದು ಯಾರ ಮನೆ ಕೆಲಸ? ಶಾಮಣ್ಣನವರದು, ದುಡ್ಡು ಕೊಡಲು ತಕರಾರು ಎಂದು ನಾಗಲಕ್ಷ್ಮಮ್ಮ ವಿವರಿಸಿದ ಮೇಲೆ ಅವರ ಒದ್ದೆ ಮುಖಕ್ಕೆ ಹಬ್ಬದ ಕಳೆ ಬಂತು. ಹಿಂದಿನ ವರ್ಷ ಸಂಘದ ಚುನಾವಣೆಯಲ್ಲಿ ಶಾಮಣ್ಣನವರು ಅವರೆದುರು ನಿಂತು ನಾಲ್ಕೇ ಓಟಿನಲ್ಲಿ ಸೋತಿದ್ದರು. ಅಲ್ಲಿಂದ ಮುಂದೆ ಇಬ್ಬರಿಗೂ ಮಾತಿರಲಿಲ್ಲ.

"ಕೂಲಿಯವನ ಹೊಟ್ಟೆ ಮೇಲೆ ಹೊಡೀತಾರಾ?" ಎಂದರು ತಿಮ್ಮರಾಯಪ್ಪ. "ನಾನು ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ. ನೀನು ಅಲ್ಲಾಡ್ಬೇಡ."

ಬರುವಾಗ ಕುರ್ಚಿಯನ್ನೂ ಸಂಘದ ನಾಲ್ಕು ಮಂದಿಯನ್ನೂ ತಂದರು. ಕುರ್ಚಿ ಗೇಟಿನ ಎದುರಿಗೇ ಬಿತ್ತು. ಶಾಮಣ್ಣನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಉತ್ತರ ಕೊಡತೊಡಗಿದರು. ಮಾತು ಸುಣ್ಣದಿಂದ ಚರಂಡಿಗೆ, ಚರಂಡಿಯಿಂದ ಬೀದಿದೀಪಕ್ಕೆ, ಅಲ್ಲಿಂದ ಹಿಂದಿನ ವರ್ಷದ ಓಟು ಎಣಿಕೆಗೆ ಹೋಯಿತು. ಹನುಮಯ್ಯನ ಅರವತ್ತು ರೂಪಾಯಿ ನಡುನಡುವೆ ನೆನಪಾದಾಗ ಎಲ್ಲರೂ ಅವನ ಕಡೆ ತಿರುಗಿ ಅಯ್ಯೋ ಪಾಪ ಅನ್ನುತ್ತಿದ್ದರು. ಒಂದು ಮನೆಯಿಂದ ಚಿತ್ರಾನ್ನ ಬಂತು, ಇನ್ನೊಂದರಿಂದ ಮಜ್ಜಿಗೆ. ಅಷ್ಟು ಮರ್ಯಾದೆಯನ್ನು ಹನುಮಯ್ಯ ತನ್ನ ಮದುವೆಯಲ್ಲೂ ಕಂಡಿರಲಿಲ್ಲ. ಆದರೂ ಆರು ಗಂಟೆಯೇ ಅವನ ಕಣ್ಣ ಮುಂದಿತ್ತು.

ಎರಡರ ಹೊತ್ತಿಗೆ ಕೈ ತೊಳೆಯಲು ಮನೆಯ ಪಕ್ಕದ ನಲ್ಲಿಗೆ ಹೋದಾಗ ಬಚ್ಚಲುಮನೆಯ ಕಿಟಕಿಯಿಂದ ಶಾಮಣ್ಣನವರ ಪಿಸುದನಿ ಕೇಳಿತು.

"ನಾಲ್ಕು ಗಂಟೆ ಮೇಲೆ ಒಬ್ನೇ ಬಾಪ್ಪ. ಅರವತ್ತೂ ಕೊಡ್ತೀನಿ. ಈ ಜನಾನ ಮಾತ್ರ ಹೇಗಾದ್ರೂ ಮಾಡಿ ಕಳಿಸು."

ಹನುಮಯ್ಯನಿಗೆ ಹೋದ ಜೀವ ಬಂದಂತಾಯಿತು. ಮುಂದಕ್ಕೆ ಬಂದು, ಸಾರ್ ಪೂರ್ತಿ ಕೊಡುವುದಕ್ಕೆ ಒಪ್ಪಿದ್ದಾರೆ, ನಾನು ನಾಲ್ಕಕ್ಕೆ ಬರುತ್ತೇನೆ, ನೀವೆಲ್ಲ ಮನೆಗೆ ಹೋಗಿ ಎಂದು ಕೈ ಮುಗಿದ. ಇಷ್ಟು ಉದ್ದದ ಮಾತನ್ನು ಅವನು ಗಿರಾಕಿಗಳ ಬೀದಿಯಲ್ಲಿ ಆಡಿದ್ದು ಅದೇ ಮೊದಲು. ತಿಮ್ಮರಾಯಪ್ಪ ನಕ್ಕು, ಅದು ಜನ ಚದುರಿಸುವ ಉಪಾಯ, ನೀನು ಮುಗ್ಧ ಎಂದು ಅವನ ಬೆನ್ನು ಸವರಿ, ಹಿತ್ತಿಲ ಬಾಗಿಲಿಗೆ ಇಬ್ಬರನ್ನು ಕಾವಲು ಹಾಕಿದರು.

ನಾಲ್ಕೂಕಾಲಿಗೆ ಕಾತ್ಯಾಯಿನಿ ಬಸ್ಸಿಳಿದು ಬೀದಿಯ ತಿರುವಿಗೆ ಬಂದರು. ತಮ್ಮ ಮನೆಯ ಮುಂದೆ ಕುರ್ಚಿ, ಸುತ್ತ ಕೈಕಟ್ಟಿ ನಿಂತ ಜನ, ಮುಚ್ಚಿದ ಬಾಗಿಲು. ಅವರ ಕೈಚೀಲ ರಸ್ತೆಗೆ ಬಿತ್ತು. ಅಲ್ಲೇ ಕುಸಿದು ಕೂತು ಅಳತೊಡಗಿದರು. ನಾಗಲಕ್ಷ್ಮಮ್ಮ ಓಡಿಹೋಗಿ ಹಿಡಿದುಕೊಂಡರೂ, ಯಜಮಾನರಿಗೆ ಏನೂ ಆಗಿಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಶಾಮಣ್ಣನವರೇ ಕಿಟಕಿಗೆ ಮುಖವಿಟ್ಟು, "ಏ, ಇಲ್ಲೇ ಇದೀನಿ ಕಣೇ," ಎನ್ನಬೇಕಾಯಿತು.

ವಿಷಯ ಕೇಳಿದ ಮೇಲೆ ಕಾತ್ಯಾಯಿನಿ ಕಣ್ಣೊರೆಸಿಕೊಂಡು ಎದ್ದರು. ಯಾರ ಮುಖವನ್ನೂ ನೋಡಲಿಲ್ಲ. ಒಳಗೆ ಹೋಗಿ, ಎರಡೇ ನಿಮಿಷದಲ್ಲಿ ಹೊರಗೆ ಬಂದು, ಹತ್ತರ ಆರು ನೋಟು ಹನುಮಯ್ಯನ ಕೈಗೆ ಹಾಕಿ, ಬಾಗಿಲು ಹಾಕಿಕೊಂಡರು.

ಜನ ಚಪ್ಪಾಳೆ ತಟ್ಟಿದರು. ತಿಮ್ಮರಾಯಪ್ಪ ಹನುಮಯ್ಯನ ಕೈ ಹಿಡಿದು ಗೆದ್ದ ಪೈಲ್ವಾನನ ಕೈಯ ಹಾಗೆ ಮೇಲೆತ್ತಿದರು. ಗಂಟೆ ಇನ್ನೂ ನಾಲ್ಕೂವರೆ. ಬಾಡಿಗೆ ಇಪ್ಪತ್ತು ಹೋದರೂ ನಲವತ್ತು ಉಳಿಯುತ್ತದೆ ಎಂದುಕೊಂಡು ಅವನು ಎಲ್ಲರಿಗೂ ಕೈ ಮುಗಿದು ಗಾಡಿ ತಿರುಗಿಸಿದ.

"ಹಂಗೇ ನಮ್ಮನೆ ಕಡೆ ತಿರುಗಿಸು," ಎಂದರು ತಿಮ್ಮರಾಯಪ್ಪ.

ಅವರ ಮನೆ ಅದೇ ಬೀದಿಯ ಮೂಲೆ ಸೈಟು. ಗೋಡೆ ಎರಡು ರಸ್ತೆಗೂ ಹಬ್ಬಿತ್ತು. ಹನುಮಯ್ಯ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಈ ಕೆಲಸಕ್ಕೆ ಎಷ್ಟು ಅಂತ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರೇ ಹೇಳಿದರು.

"ನಿನಗೋಸ್ಕರ ಮಧ್ಯಾಹ್ನದ ಊಟ ಬಿಟ್ಟು ನಿಂತಿದೀನಿ. ರೇಷ್ಮೆ ಪಂಚೆ ನೆನೆಸಿದ್ದನ್ನೂ ಕೇಳ್ಲಿಲ್ಲ. ನಮ್ಮ ನಮ್ಮಲ್ಲಿ ಲೆಕ್ಕ ಯಾಕೆ?"

ಹನುಮಯ್ಯನ ಕೈ ತಲೆಗೆ ಹೋಯಿತು. ತಲೆ ಕೆರೆದುಕೊಂಡೇ ಗಾಡಿ ತಳ್ಳಿದ.

ಆರು ಗಂಟೆಯಾದರೂ ಒಂದು ರಸ್ತೆಯ ಕಡೆಯ ಗೋಡೆಯೇ ಮುಗಿದಿರಲಿಲ್ಲ. ಹುಡುಕಿಕೊಂಡು ಬಂದ ಪಿಳ್ಳಣ್ಣ ಪಂಪಿನ ಸದ್ದು ಹಿಡಿದು ನೇರ ಅಲ್ಲಿಗೇ ಬಂದ. ತೊಳೆದ ಮನೆ ಒಂದು ಬೀದಿಯಲ್ಲಿ ಎರಡಾಗಿರುವುದನ್ನು ಕಂಡು, ಎರಡು ಮನೆಗೆ ಎರಡು ಬಾಡಿಗೆ ಎಂದ. ಇದು ಬಿಟ್ಟಿ ಕೆಲಸ ಎಂದು ಹನುಮಯ್ಯ ಎಷ್ಟು ಹೇಳಿದರೂ ಅವನಿಗೆ ನಂಬಿಕೆಯಾಗಲಿಲ್ಲ. ಅಷ್ಟು ದೊಡ್ಡ ಮನೆಯವರು ಬಿಟ್ಟಿ ಮಾಡಿಸುತ್ತಾರೆಯೇ ಎಂದು ತಿರುಗಿ ಕೇಳಿದ. ನಲವತ್ತು ಎಣಿಸಿಕೊಂಡು, ಮುಗಿದ ಕೂಡಲೇ ಪಂಪು ತಂದು ಕೊಡು ಎಂದು ಹೇಳಿ ಹೊರಟ. ನಾಳೆಗೂ ಪಂಪು ಉಳಿಯಿತಲ್ಲ ಎಂಬುದೊಂದೇ ಹನುಮಯ್ಯನಿಗೆ ಸಮಾಧಾನ.

ಪಿಳ್ಳಣ್ಣನ ಬೆನ್ನಿಗೇ ಶಾಮಣ್ಣನವರು ಹಾಲಿನ ಬೂತಿಗೆಂದು ಚೀಲ ಹಿಡಿದು ಬಂದರು. ಅತ್ತಿತ್ತ ನೋಡಿ, ಗಾಡಿಯ ಪಕ್ಕ ನಿಂತರು. ಬೆಳಗಿನ ಗತ್ತು ಇರಲಿಲ್ಲ.

"ನನ್ನ ಕೈಲಿ ಹತ್ತು ರೂಪಾಯೂ ಇರ್ಲಿಲ್ಲ ಕಣಪ್ಪಾ," ಎಂದರು. "ಬೀರುವಿನ ಬೀಗದಕೈ ಅವಳ ಸೊಂಟದಲ್ಲೇ ಹೋಗ್ಬಿಟ್ಟಿತ್ತು. ಮೂವತ್ತೈದು ವರ್ಷ ಸಂಬಳ ತಂದೋನು ಇದನ್ನ ಹೇಗೆ ಹೇಳ್ಲಿ? ಅವಳು ಬರೋವರ್ಗೂ ತಳ್ಳೋಣ ಅಂತ ಸುಣ್ಣದ ಮಾತು ತೆಗೆದೆ. ಆಮೇಲೆ ಬೀದಿಯೆಲ್ಲ ಬಂದು ಕೂತ್ಬಿಡ್ತು."

ಹನುಮಯ್ಯನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ದುಡ್ಡಿಲ್ಲ ಎಂದು ಹೇಳಲಾರದ ಸಂಕಟ ಅವನಿಗೂ ಗೊತ್ತಿದ್ದದ್ದೇ. ಹೋಗಲಿ ಬಿಡಿ ಸಾರ್ ಎಂದು ಪೈಪು ಎತ್ತಿಕೊಂಡ. ಶಾಮಣ್ಣನವರು ಮಾತ್ರ ಹೋಗಲಿಲ್ಲ. ಹೇಳಬೇಕಾದ್ದು ಇನ್ನೂ ಇತ್ತು.

ಕಾತ್ಯಾಯಿನಿ ಸುಬ್ರಹ್ಮಣ್ಯಪುರಕ್ಕೆ ಹೋಗಿದ್ದದ್ದೇ ಅವನ ಕೆಲಸದ ವಿಚಾರಕ್ಕಂತೆ. ಅಲ್ಲಿ ತಂಗಿಯ ಗಂಡನಿಗೆ ಸಾಲಾಗಿ ಆರು ಬಾಡಿಗೆ ಮನೆಗಳು, ಆರಕ್ಕೂ ಪಾಚಿ. ಬೆಳಿಗ್ಗೆ ಗೋಡೆ ನೋಡಿ ಮೆಚ್ಚಿದ ಕಾತ್ಯಾಯಿನಿ, ಮನೆಗೆ ಎಂಬತ್ತರಂತೆ ಮಾತಾಡಿ ಮುಗಿಸಿ, ನೂರು ರೂಪಾಯಿ ಮುಂಗಡವನ್ನೂ ಇಸಕೊಂಡು ಬಂದಿದ್ದರು. ರಸ್ತೆಗೆ ಬಿದ್ದ ಕೈಚೀಲದಲ್ಲಿ ಇದ್ದದ್ದು ಆ ನೂರು.

ಹನುಮಯ್ಯನ ಕೈ ಪಂಪಿನ ಸ್ವಿಚ್ಚಿನ ಮೇಲೇ ನಿಂತಿತು. ಆರು ಎಂಬತ್ತು ಎಷ್ಟು ಎಂದು ಅವನಿಗೆ ತಟ್ಟನೆ ಹೊಳೆಯಲೂ ಇಲ್ಲ. ಯಲ್ಲಮ್ಮನಿಗೆ ಹೇಳಿದರೆ ಅವಳು ಎಣಿಸುತ್ತಾಳೆ.

"ಯಾವತ್ತು ಬರ್ಲಿ ಸಾರ್?"

ಶಾಮಣ್ಣನವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಮನೆ ಮುಂದೆ ಜನ ಕೂಡಿಸಿದೋನಿಗೆ ಕೆಲಸ ಕೊಡಲ್ಲ ಅಂತ ಕೂತಿದಾಳೆ. ನಾಳೇನೇ ದುಡ್ಡು ವಾಪಸ್ ಕಳಿಸ್ತಾಳಂತೆ. ಎಷ್ಟೋ ಹೇಳ್ದೆ. ನನ್ನ ಮಾತು ಅವಳು ಕೇಳಲ್ಲಪ್ಪ."

ಹನುಮಯ್ಯ ಗೋಡೆಯ ಕಡೆ ತಿರುಗಿದ. ಅರ್ಧ ಬೆಳ್ಳಗೆ, ಅರ್ಧ ಹಸಿರು. ಒಳಗಿನಿಂದ ತಿಮ್ಮರಾಯಪ್ಪ, ಇನ್ನೊಂದು ಪಕ್ಕ ಬೆಳಿಗ್ಗೆ ಬಂದು ಮುಗಿಸು ಎಂದರು. ಈಗ ಹೊತ್ತಾಯಿತು, ಹೋಗುವಾಗ ನಾಗಲಕ್ಷ್ಮಮ್ಮನವರ ಮನೆಗೆ ಹೋಗಿ ಹೋಗು, ಬೆಳಗಿನಿಂದ ನಿನ್ನ ಪರ ಮಾತಾಡಿದವರು ಅವರೇ ಮೊದಲು ಎಂದೂ ನೆನಪಿಸಿದರು.

ಹನುಮಯ್ಯ ಪೈಪು ಸುತ್ತಿ ಗಾಡಿಗೆ ಹಾಕಿದ. ಒದ್ದೆಯಾಗಿ ಭಾರವಾಗಿದ್ದ ಗಾಡಿ ಏರಿನಲ್ಲಿ ಮುಂದೆ ಹೋಗಲಿಲ್ಲ. ಶಾಮಣ್ಣನವರು ಹಾಲಿನ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದಿನಿಂದ ಕೈ ಕೊಟ್ಟರು. ಮೇಲೆ, ಅವರ ಎದುರು ಮನೆಯ ಗೇಟಿನಲ್ಲಿ, ಪಾಚಿಗಟ್ಟಿದ ಗೋಡೆಯ ಪಕ್ಕ, ನಾಗಲಕ್ಷ್ಮಮ್ಮ ಬಕೆಟ್ಟು, ಪೊರಕೆ ಇಟ್ಟುಕೊಂಡು ಕಾಯುತ್ತ ನಿಂತಿದ್ದರು.