ಮಾತಾಡದೆ ಮುಗಿದ ಮಾತುಕತೆ

ಜೆಪ್ಪುವಿನ ನಮ್ಮ ಮನೆಯ ಮಹಡಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಶಬ್ದದ ಅರ್ಥ ನಾನು ಹೇಳಿ ಕಳಿಸುತ್ತೇನೆ; ಅದು ಅವರ ಮನೆಗೆ ಹೋಗಿ ಬರುವಷ್ಟರಲ್ಲಿ ಬೇರೇನೋ ಆಗಿರುತ್ತದೆ. ವಾರಕ್ಕೊಂದಾದರೂ ಇಂಥದ್ದು ನಡೆಯದಿದ್ದರೆ ನನಗೇ ಬೇಜಾರು.

೧. ಡಿಸ್ಕಸ್

“ಡಿಸ್ಕಸ್ ಎಂದರೆ ಎಲ್ಲರೂ ಕೂತು ಮಾತಾಡಿ ತೀರ್ಮಾನಕ್ಕೆ ಬರುವುದು. ಮನೆಯಲ್ಲಿ ಮಾಡಿ ಬನ್ನಿ” ಎಂದೆ. ಮರುದಿನ ಬೋಳಾರದ ಮೀನು ವ್ಯಾಪಾರದ ಮನೆಯ ಸೊಸೆ ಎದ್ದು ನಿಂತರು.

“ಇವತ್ತು ಎಂತ ಮೀನು ಮಾಡುವುದು ಅಂತ ಒಂದು ಗಂಟೆ ಡಿಸ್ಕಸ್ ಮಾಡಿದೆವು ಟೀಚರ್.”

“ಎಂತ ತೀರ್ಮಾನ ಆಯ್ತು?”

“ಅತ್ತೆ ಬೆಳಿಗ್ಗೆಯೇ ಬೂತಾಯಿ ಗಸಿ ಮಾಡಿ ಇಳಿಸಿ ಆಗಿತ್ತಲ್ಲ. ಹಾಗಾಗಿ ಬೂತಾಯಿ.”

೨. ನೆಗೋಷಿಯೇಟ್

ಇದರಲ್ಲಿ ಎರಡೂ ಕಡೆಯವರು ಅಷ್ಟಷ್ಟು ಬಿಟ್ಟುಕೊಡಬೇಕು ಎಂದು ವಿವರಿಸಿ, ಅದೇ ಸೊಸೆಯನ್ನು ಮೀನು ಮಾರಲು ಕೂರಿಸಿದೆ. ಬಟ್ಟೆ ಅಂಗಡಿಯ ಬ್ಯಾರಿ ಯುವಕ ಗಿರಾಕಿ. ಅವರು ರೇಟು ಹೇಳಿದರು. ಇವನು ಇಲ್ಲದ ಮೀನಿನ ಕಿವಿರು ಎತ್ತಿ ನೋಡಿ, ಎದ್ದು ಬಾಗಿಲ ಕಡೆ ನಡೆದ. ಅವರು ಗೋಡೆ ನೋಡುತ್ತಾ ಕೂತರು. ನಾಲ್ಕು ಹೆಜ್ಜೆ ಆದ ಮೇಲೆ “ಬನ್ನಿ” ಎಂದರು. ವ್ಯಾಪಾರ ಮುಗಿಯಿತು.

“ಇಂಗ್ಲಿಷ್ ಎಲ್ಲಿ ಉಂಟು ಇದರಲ್ಲಿ?” ಎಂದೆ.

“ಮಾತು ಜಾಸ್ತಿ ಆದರೆ ಅದು ಆರ್ಗ್ಯೂ ಟೀಚರ್,” ಎಂದ ಅವನು. “ನೆಗೋಷಿಯೇಟ್ ಕಾಲಲ್ಲಿ ಮಾಡುವುದು.”

೩. ಖಾಲಿ ಕುರ್ಚಿ

ಇದೇ ಯುವಕನಿಗೆ ಗಲ್ಫಿನ ಕಂಪನಿಯೊಂದರ ವಿಡಿಯೊ ಸಂದರ್ಶನ. ನಮ್ಮ ಮಹಡಿಯಲ್ಲೇ ಕೂತಿದ್ದ, ಪಕ್ಕದಲ್ಲಿ ನಾನು. ಅವನಿಗೆ ಒಂದು ವರ್ಷದ ಮಗಳಿದ್ದಾಳೆ. ವರ್ಷಕ್ಕೊಮ್ಮೆ ಊರಿಗೆ ಬರಲು ರಜೆ ಸಿಗದಿದ್ದರೆ ಮಗು ತನ್ನ ಗುರುತೇ ಹಿಡಿಯುವುದಿಲ್ಲ ಎಂಬುದು ಅವನ ಹೆದರಿಕೆ. ನನಗೂ ಪಾಪ ಅನಿಸಿತ್ತು.

ಪರದೆಯಲ್ಲಿ ಕೋಟು ಹಾಕಿದ ಸಾಹೇಬರು, ನೀಟಾದ ಇಂಗ್ಲಿಷ್. ಎಲ್ಲ ಚೆನ್ನಾಗಿಯೇ ಹೋಯಿತು. ರಜೆ ಎರಡು ವರ್ಷಕ್ಕೊಮ್ಮೆ ಎಂದರು ಅವರು. ಪ್ರತಿ ವರ್ಷ ಬೇಕು ಎಂದ ಇವನು. ಅವರು ಆಗುವುದಿಲ್ಲ ಎಂದದ್ದೇ, ಇವನು ಥ್ಯಾಂಕ್ಯೂ ಹೇಳಿ ಎದ್ದು ಬಾಗಿಲ ಕಡೆ ನಡೆದ.

ಕೈಗೆ ಬಂದ ಕೆಲಸ ಹೋಯಿತು ಎಂದುಕೊಂಡು ನಾನು ಕ್ಷಮೆ ಕೇಳಲು ಪರದೆಗೆ ತಿರುಗಿದರೆ ಅಲ್ಲಿಯೂ ಕುರ್ಚಿ ಖಾಲಿ. ಇಲ್ಲಿ ಇವನು ಮೆಟ್ಟಿಲ ಹತ್ತಿರ ಬೆನ್ನು ಹಾಕಿ ನಿಂತಿದ್ದಾನೆ. ನನಗೆ ಸಂಶಯ ಬಂತು.

“ಸರ್, ನಿಮ್ಮ ಊರು ಯಾವುದು?” ಎಂದು ಖಾಲಿ ಕುರ್ಚಿಯನ್ನು ಕನ್ನಡದಲ್ಲೇ ಕೇಳಿದೆ.

“ಅಲ್ಲೇ, ನಿಮ್ಮ ಪಕ್ಕದ ಪಡೀಲ್,” ಎಂದು ಎಲ್ಲಿಂದಲೋ ಸ್ವರ ಬಂತು. “ವರ್ಷಕ್ಕೊಮ್ಮೆ ಕೊಡುವ ಮಾರಾಯ್ರೆ. ಮೊದಲು ಅವನನ್ನು ಕರೆಯಿರಿ, ಮತ್ತೆ ನಾನು ಬರ್ತೇನೆ.”